ಟೈಮ್‌ಔಟ್ ಪಂಚಾಯಿತಿ

ಆಫೀಸಿನಲ್ಲಿ ಪ್ರಿಂಟರ್ ಪಕ್ಕ ಸೀಟು ಸಿಕ್ಕವರ ಹಣೆಬರಹವೇ ಅಷ್ಟು. ಪೇಪರ್ ಸಿಕ್ಕಿಕೊಂಡರೂ ಅವರನ್ನೇ ಕರೆಯುತ್ತಾರೆ, ಟೋನರ್ ಮುಗಿದರೂ ಅವರನ್ನೇ ಗುರಾಯಿಸುತ್ತಾರೆ. ಆ ಸೀಟು ನನ್ನದು.

ನಮ್ಮ ಪ್ರಿಂಟರಿಗೆ ಒಂದು ಪುಟ್ಟ ಡಬ್ಬಿ ಇದೆ. ಎಲ್ಲರ ಪ್ರಿಂಟೂ ಮೊದಲು ಅದರೊಳಗೆ ಸರದಿಯಲ್ಲಿ ನಿಲ್ಲಬೇಕು. ಅದರ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಔಟ್ ಅಂತ ಒಂದು ಖಾನೆ. ಕಂಪ್ಯೂಟರ್ ಡೇಟಾ ಕಳಿಸುತ್ತಾ ಮಧ್ಯದಲ್ಲಿ ಸುಮ್ಮನಾದರೆ ಡಬ್ಬಿ ಎಷ್ಟು ಸೆಕೆಂಡ್ ಕಾಯಬೇಕು ಅನ್ನೋ ಲೆಕ್ಕ ಅದು. 5ರಿಂದ 300ರವರೆಗೆ ಹಾಕಬಹುದು. 0 ಕೂಡ ಉಂಟು, ಅದರ ಕಥೆ ಆಮೇಲೆ. ಮೊದಲಿಗೆ ಇದ್ದದ್ದು 15.

ಪತ್ರ, ಬಿಲ್ಲುಗಳಿಗೆ 15 ಧಾರಾಳವಾಯಿತು. ಡಿಸೈನ್ ಹುಡುಗನ ಬ್ರೋಷರ್ ಬಂದಾಗ ಶುರುವಾಯಿತು ನೋಡಿ ತಮಾಷೆ. ಚಿತ್ರಗಳೇ ತುಂಬಿದ ಪುಟ. ಒಂದೊಂದನ್ನು ಅರಗಿಸಿಕೊಳ್ಳೋಕೆ ಅವನ ಕಂಪ್ಯೂಟರಿಗೆ ಅರ್ಧ ನಿಮಿಷ ಬೇಕು. ಡಬ್ಬಿ 15 ಸೆಕೆಂಡ್ ಕಾಯಿತು, ಕೆಲಸ ಮುಗೀತು ಅಂದುಕೊಂಡಿತು, ಮುಂದಿನವರನ್ನು ಒಳಗೆ ಬಿಟ್ಟಿತು. ಹೀಗಾಗಿ ಬ್ರೋಷರಿನ ನಾಲ್ಕನೇ ಪುಟವಾಗಿ ಯಾರದೋ ರಾಜೀನಾಮೆ ಪತ್ರ ಬಂತು. ಅದನ್ನು ಮೊದಲು ಓದಿದ್ದು ಮ್ಯಾನೇಜರ್.

ಅಷ್ಟಕ್ಕೇ ನಿಲ್ಲಲಿಲ್ಲ. ಪುಟದಲ್ಲಿ ಏನನ್ನು ಎಲ್ಲಿ ಬಿಡಿಸಬೇಕು ಅಂತ ಪ್ರಿಂಟರಿಗೆ ಹೇಳುವ ಭಾಷೆ ಪೋಸ್ಟ್‌ಸ್ಕ್ರಿಪ್ಟ್. 'ಇದು ಪೋಸ್ಟ್‌ಸ್ಕ್ರಿಪ್ಟ್' ಅಂತ ಹೇಳುವ ಸಾಲು ಇರೋದು ಫೈಲಿನ ಶುರುವಿನಲ್ಲಿ ಮಾತ್ರ. ಮಿಕ್ಕ ಅರ್ಧ ಆ ಸಾಲಿಲ್ಲದೆ ಬಂದರೆ ಪಾಪ, ಪ್ರಿಂಟರಿಗೆ ಹೇಗೆ ಗೊತ್ತಾಗಬೇಕು? ಬಂದದ್ದನ್ನೆಲ್ಲ ಅಕ್ಷರ ಅಂದುಕೊಂಡು ಒತ್ತಿತು. ಸ್ಲ್ಯಾಶು, ಬ್ರ್ಯಾಕೆಟ್ಟು, ಶೇಕಡಾ ಚಿಹ್ನೆ, ಸಾಲುಗಟ್ಟಲೆ ಅಂಕಿ, ಟ್ರೇ ಖಾಲಿಯಾಗುವವರೆಗೆ.

"ಯಾರ್ರೀ ವೈರಸ್ ಬಿಟ್ಟಿರೋದು?" ಅಂದರು ಮ್ಯಾನೇಜರ್.

ಹುಡುಗ ಗೋಗರೆದ, 300 ಆಯಿತು. ಈಗ ಅಕೌಂಟ್ಸ್ ಮೇಡಂ ಸಿಟ್ಟಾದರು. ಯಾರೋ ಅರ್ಧ ಪ್ರಿಂಟಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರೆ ಡಬ್ಬಿ ಐದು ನಿಮಿಷ ದಾರಿ ಕಾಯುತ್ತದೆ, ಹಿಂದಿನವರೆಲ್ಲ ನಿಂತಲ್ಲೇ. ಜನ ಎಲ್ಲಿ ಕಾಯುತ್ತಾರೆ? ಇನ್ನೊಮ್ಮೆ ಒತ್ತುತ್ತಾರೆ. ಮತ್ತೊಮ್ಮೆ ಒತ್ತುತ್ತಾರೆ. ಎದ್ದು ಬಂದು ಪ್ರಿಂಟರಿನ ಬೆನ್ನು ತಟ್ಟುತ್ತಾರೆ. ಆಮೇಲೆ ಒಂದೇ ಬಿಲ್ಲು ಕಂತೆ ಕಂತೆಯಾಗಿ ಬರುತ್ತದೆ, ಬೈಗುಳ ನನಗೆ.

ಕೊನೆಗೆ ಮೀಟಿಂಗ್ ಆಯಿತು. ತರಕಾರಿ ಚೌಕಾಸಿಯ ಹಾಗೆ ಎಳೆದಾಡಿ 90ಕ್ಕೆ ಒಪ್ಪಂದ. ನಾನು ಸುಮ್ನೆ ಹುಡುಗನ ಕಂಪ್ಯೂಟರಿಗೆ ಹೋಗಿ, ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ 'ಕೊನೆಯ ಪುಟ ಸಿದ್ಧವಾದ ಮೇಲೆ ಪ್ರಿಂಟ್ ಶುರು ಮಾಡು' ಅನ್ನೋದಕ್ಕೆ ಟಿಕ್ ಹಾಕಿದೆ. ಅಡುಗೆ ಪೂರ್ತಿ ಆದ ಮೇಲೇ ಬಡಿಸೋದು, ಮಧ್ಯೆ ಗ್ಯಾಪೇ ಇಲ್ಲ. ಬ್ರೋಷರ್ ಸಲೀಸಾಗಿ ಬಂತು. ಹೊಗಳಿಕೆ ಮಾತ್ರ ಪೂರ್ತಿ 90ಕ್ಕೆ ಹೋಯಿತು, ಬಿಡಿ.

ಮೊನ್ನೆ ಬೆಳಗ್ಗೆಯಿಂದ ಒಂದು ಹಾಳೆಯೂ ಹೊರಗೆ ಬರಲಿಲ್ಲ. ಸೆಟ್ಟಿಂಗ್ಸ್ ತೆರೆದರೆ, ಖಾನೆಯಲ್ಲಿ ಸೊನ್ನೆ.

"ನಾನೇ ಹಾಕಿದೆ ಕಣ್ರೀ," ಅಂದರು ಮ್ಯಾನೇಜರ್. "ಸೊನ್ನೆ ಅಂದ್ರೆ ಕಾಯೋದೇ ಇಲ್ಲ, ಇನ್ನೂ ಫಾಸ್ಟ್ ಅಲ್ವಾ?"

ನಮ್ಮ ಡಬ್ಬಿಯ ಲೆಕ್ಕದಲ್ಲಿ ಸೊನ್ನೆ ಅಂದರೆ ಎಷ್ಟು ಹೊತ್ತಾದರೂ ಕಾಯುತ್ತಿರು ಅಂತ. ಅದು ಹಿಂದಿನ ಸಂಜೆ ಅರ್ಧಕ್ಕೆ ಮುಚ್ಚಿದ ಒಂದು ಲ್ಯಾಪ್‌ಟಾಪಿನ ಉಳಿದ ಪುಟಗಳಿಗೆ ಕಾಯುತ್ತಿತ್ತು. ಲ್ಯಾಪ್‌ಟಾಪಿನ ಯಜಮಾನರು ವಾರಪೂರ್ತಿ ರಜೆಯಲ್ಲಿದ್ದರು.