ವೀಸಾ ಬೇಡ, ಒರಿಜಿನಲ್ ಬೇಕು

ಕಾಶಿ, ಗಯಾ ಮುಗಿಸಿಕೊಂಡು ಹಾಗೇ ಪಶುಪತಿನಾಥ, ಮುಕ್ತಿನಾಥ ನೋಡಿ ಬರೋಣ ಎಂದು ಜನ ಹೊರಡುವ ಹೊತ್ತಿಗೆ ಸರಿಯಾಗಿ ವಾಟ್ಸಾಪಿನಲ್ಲಿ ಆ ಮೆಸೇಜೂ ಹೊರಡುತ್ತದೆ. ಇವತ್ತು ಬೆಳಿಗ್ಗೆ ಮತ್ತೆ ಬಂದಿದೆ: "ನೇಪಾಳಕ್ಕೆ ಪಾಸ್‌ಪೋರ್ಟೂ ಬೇಡ, ವೀಸಾನೂ ಬೇಡ, ಆಧಾರ್ ಒಂದಿದ್ದರೆ ಸಾಕು. ಎಲ್ಲರಿಗೂ ತಿಳಿಸಿ." ಕೆಳಗೆ ಮೂರು ಜೊತೆ ಮುಗಿದ ಕೈ, ಒಂದು ಗುಲಾಬಿ ಹೂವು. ಗುಲಾಬಿಯ ಬಗ್ಗೆ ನನ್ನ ತಕರಾರಿಲ್ಲ. ಉಳಿದದ್ದರ ಬಗ್ಗೆ ಇದೆ.

ವೀಸಾ ಬೇಡ ಎನ್ನುವುದು ನಿಜ. 1950ರ ಜುಲೈ 31ರಂದು ಭಾರತ-ನೇಪಾಳ ಮಾಡಿಕೊಂಡ ಒಪ್ಪಂದದ ಪುಣ್ಯ ಅದು. ಆದರೆ ನಮ್ಮವರ ಕಿವಿಗೆ "ವೀಸಾ ಬೇಡ" ಎಂದದ್ದು "ಏನೂ ಬೇಡ" ಎಂದೇ ಕೇಳಿಸುತ್ತದೆ. ಗೃಹ ಸಚಿವಾಲಯ ಹೇಳುವುದು ಎರಡೇ: ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಇಲ್ಲವಾದರೆ ಚುನಾವಣಾ ಆಯೋಗದ ವೋಟರ್ ಐಡಿ. ಆಧಾರ್ ನಡೆಯುವುದು 15 ದಾಟದ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ. 15ರಿಂದ 18ರ ನಡುವಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರವಾದರೂ ಆಗುತ್ತದೆ. ಅಂದರೆ ಆಧಾರ್ ಮಾತ್ರ ಇರುವ ಕುಟುಂಬವೊಂದು ಗಡಿಗೆ ಬಂದರೆ ಅಜ್ಜ ಹೋಗಬಹುದು, ಮೊಮ್ಮಗು ಹೋಗಬಹುದು. ಖರ್ಚು ಮಾಡಿ ಕರೆದುಕೊಂಡು ಬಂದ ನಲವತ್ತರ ಮಗ ಈಚೆಗೇ ಲಗೇಜು ಕಾಯಬೇಕು.

ಇದರಲ್ಲಿ ತರ್ಕವಿಲ್ಲ ಎಂದುಕೊಳ್ಳಬೇಡಿ. ಆಧಾರ್ ಕೊಡುವುದು ಇಲ್ಲಿ ವಾಸ ಇರುವವರಿಗೆ. ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯೂ ಪಡೆಯಬಹುದು. ಅದು ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ವೋಟು ಹಾಕುವ ಹಕ್ಕು ಪ್ರಜೆಗೆ ಮಾತ್ರ, ಹಾಗಾಗಿ ಗಡಿಯಲ್ಲಿ ವೋಟರ್ ಐಡಿಗೆ ಮರ್ಯಾದೆ. ಬೆಂಗಳೂರಿನಲ್ಲಿ ಐದು ವರ್ಷಕ್ಕೊಮ್ಮೆಯೂ ಹುಡುಕದ ಕಾರ್ಡು ನೇಪಾಳಕ್ಕೆ ಹೋಗುವಾಗ ಮನೆ ತಲೆಕೆಳಗು ಮಾಡಿಸುವುದು ಇದಕ್ಕೇ.

ಈಗ ಜೆರಾಕ್ಸ್ ಮಾವನ ವಿಷಯಕ್ಕೆ ಬರೋಣ. ಪ್ರತಿ ಯಾತ್ರೆಯ ಬಸ್ಸಿನಲ್ಲೂ ಇವರು ಒಬ್ಬರು ಇರುತ್ತಾರೆ, ಸಾಮಾನ್ಯವಾಗಿ ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ. ತೊಡೆಯ ಮೇಲೆ ಬಟನ್ ಹಾಕುವ ನೀಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಇಲ್ಲದ್ದಿಲ್ಲ. ಆಧಾರ್ ಆರು ಪ್ರತಿ, ಪ್ಯಾನ್ ನಾಲ್ಕು, ವೋಟರ್ ಐಡಿಯ ಎದುರು-ಬೆನ್ನು ಒಂದೇ ಹಾಳೆಯಲ್ಲಿ, ರೇಷನ್ ಕಾರ್ಡು, ಪಿಂಚಣಿ ಪುಸ್ತಕದ ಮೊದಲ ಪುಟ, ಕೊನೆಗೊಂದು ಕರೆಂಟ್ ಬಿಲ್ಲು. ಎಲ್ಲಕ್ಕೂ ಗೆಜೆಟೆಡ್ ಅಧಿಕಾರಿಯ ನೇರಳೆ ಸೀಲು. ಕೆಲವಕ್ಕೆ ಲ್ಯಾಮಿನೇಷನ್ನು ಕೂಡ ಆಗಿದೆ, ಜೆರಾಕ್ಸಿಗೆ! ಗೋರಖ್‌ಪುರದಿಂದ ಸುನೌಲಿಯವರೆಗೆ ದಾರಿಯುದ್ದಕ್ಕೂ ಉಳಿದವರಿಗೆಲ್ಲ ಉಪದೇಶ: "ಪ್ರಯಾಣ ಅಂದ್ರೆ ಡಾಕ್ಯುಮೆಂಟ್ಸ್ ಕರೆಕ್ಟಾಗಿ ಇರ್ಬೇಕು ನೋಡಿ."

ಸುನೌಲಿಯ ಗಡಿಯ ಬಾಗಿಲಿನ ಹತ್ತಿರ ಸಶಸ್ತ್ರ ಸೀಮಾ ಬಲದ ಜವಾನ ಕೈ ಚಾಚುತ್ತಾನೆ. ಮಾವ ಫೈಲಿನ ಬಟನ್ನು ಟಪ್ಪೆಂದು ತೆಗೆದು, ಎಂಜಲು ಬೆರಳಿನಿಂದ ಹಾಳೆ ಸರಿಸಿ, ಮೂರನೆಯದನ್ನು ಕೊಡುತ್ತಾರೆ.

"ಒರಿಜಿನಲ್?"

"ಒರಿಜಿನಲ್ ಘರ್ ಮೇ ಹೈ. ಬೀರು ಮೇ. ಫುಲ್ ಸೇಫ್."

ಜವಾನನಿಗೆ ಬೀರು ಅರ್ಥವಾಗುವುದಿಲ್ಲ. ಮಾವನಿಗೆ ಜವಾನನ ಸಮಸ್ಯೆ ಅರ್ಥವಾಗುವುದಿಲ್ಲ. "ಇದಕ್ಕೆ ಅಟೆಸ್ಟ್ ಆಗಿದೆಯಲ್ಲ!" ಎಂದು ಸೀಲಿನ ಮೇಲೆ ಬೆರಳು ಕುಟ್ಟುತ್ತಾರೆ. ಸೀಲಿನಲ್ಲಿರುವುದು ಕನ್ನಡ. ಜವಾನ ಹಾಳೆ ತಿರುಗಿಸಿ ನೋಡುತ್ತಾನೆ. ಹಿಂದೆ ಕರೆಂಟ್ ಬಿಲ್ಲು, ಕಾಗದ ಉಳಿಸಲು ಎರಡೂ ಬದಿ ಜೆರಾಕ್ಸ್ ಆಗಿದೆ. ಅಷ್ಟರಲ್ಲಿ ಅತ್ತೆಯವರು ವ್ಯಾನಿಟಿ ಬ್ಯಾಗಿನ ತಳದಿಂದ, ಸ್ಯಾರಿಡಾನ್ ಚೀಟಿ ಮತ್ತು ಚಿಲ್ಲರೆಯ ನಡುವೆ ಸವೆದುಹೋದ ತಮ್ಮ ಅಸಲು ವೋಟರ್ ಐಡಿ ತೆಗೆದು ತೋರಿಸಿ, ಆಚೆ ನಡೆದೂ ಆಗಿರುತ್ತದೆ. ಮಾವನ ಮಗ ಫೋನಿನಲ್ಲಿ ಡಿಜಿಲಾಕರ್ ತೆರೆಯಲು ಒದ್ದಾಡುತ್ತಿದ್ದಾನೆ. ಅದು ಒಟಿಪಿ ಕೇಳುತ್ತದೆ. ನೆಟ್‌ವರ್ಕ್ ಆ ಹೊತ್ತಿಗೆ ಭಾರತವೋ ನೇಪಾಳವೋ ಎಂದು ತೀರ್ಮಾನವಾಗದೆ ತಿರುಗುತ್ತಿದೆ. ಕೊನೆಗೆ ಮಾವ ಪಾರಾಗುವುದು ಯಾವುದರಿಂದ ಎನ್ನುತ್ತೀರಿ? ವಯಸ್ಸು 67. ಪರ್ಸಿನಲ್ಲಿ ಮರೆತುಹೋಗಿ ಉಳಿದುಕೊಂಡಿದ್ದ ಅಸಲು ಆಧಾರ್ ಕಾರ್ಡಿನಿಂದ. "ನಾನು ಹೇಳ್ಲಿಲ್ವಾ, ಆಧಾರ್ ಸಾಕು ಅಂತ?" ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿ, ಫೋನಿನಲ್ಲಿ ಸಿಗ್ನಲ್ ಇರುವಾಗಲೇ ಆ ಮೆಸೇಜನ್ನು ಇನ್ನೊಂದು ಗ್ರೂಪಿಗೆ ಕಳಿಸುತ್ತಾರೆ.

"ನಾವು ಹೋದಾಗ ಯಾರೂ ಏನೂ ಕೇಳಲೇ ಇಲ್ಲ" ಎನ್ನುವವರದು ಇನ್ನೊಂದು ಪಂಗಡ. ಅವರು ಸುಳ್ಳು ಹೇಳುತ್ತಿಲ್ಲ. ರಸ್ತೆಯ ಗಡಿಯಲ್ಲಿ ಜನಜಂಗುಳಿ ಇದ್ದ ದಿನ ಕೇಳದೆಯೇ ಬಿಟ್ಟುಬಿಡಬಹುದು. ಎಡವಟ್ಟಾಗುವುದು ಹೋಗುವಾಗ ಬಸ್ಸು, ಬರುವಾಗ ಕಠ್ಮಂಡುವಿನಿಂದ ವಿಮಾನ ಎಂದು ಪ್ಲಾನ್ ಮಾಡಿದವರಿಗೆ. ವಿಮಾನದ ಕೌಂಟರಿನಲ್ಲಿ ಜನಜಂಗುಳಿಯ ರಿಯಾಯಿತಿ ಇಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಲ್ಲದಿದ್ದರೆ ಭಾರತೀಯ ರಾಯಭಾರ ಕಚೇರಿಗೆ ಓಡಿ ತುರ್ತು ಪ್ರಮಾಣಪತ್ರ ತರಬೇಕು. ಅದೂ ಒಂದೇ ಪ್ರಯಾಣಕ್ಕೆ, ಭಾರತಕ್ಕೆ ವಾಪಸಾಗಲು ಮಾತ್ರ. ಟಿಕೆಟ್ಟಿನಲ್ಲಿ "ನಾಗರಾಜ ಕೃಷ್ಣಪ್ಪ", ಕಾರ್ಡಿನಲ್ಲಿ "ಕೆ. ನಾಗರಾಜು" ಎಂದಿದ್ದರೆ ಅದು ಬೇರೆಯೇ ಪುರಾಣ. ಇನಿಷಿಯಲ್ ಎನ್ನುವುದು ನಮ್ಮ ಕಡೆಯ ಪದ್ಧತಿ, ಅಲ್ಲಿಯ ಕೌಂಟರಿನವನಿಗೆ ಅದರ ಪಾಠ ಮಾಡುವಷ್ಟರಲ್ಲಿ ಬೋರ್ಡಿಂಗ್ ಮುಗಿಯುತ್ತದೆ. ಟಿಕೆಟ್ ಮಾಡಿಸುವಾಗಲೇ ಯಾವ ಕಾರ್ಡು ತೋರಿಸುತ್ತೀರೋ ಅದರಲ್ಲಿದ್ದಂತೆಯೇ ಹೆಸರು ಕೊಡಿ.

ಸ್ವಂತ ಕಾರಿನಲ್ಲಿ ಹೋಗುವ ಉತ್ಸಾಹಿಗಳು ಆಚೆ ಬದಿಯ ಬೆಲಹಿಯಾದಲ್ಲಿ ಭನ್ಸಾರ್ ಮಾಡಿಸಬೇಕು, ಎಂದರೆ ಕಸ್ಟಮ್ಸ್ ಚೀಟಿ. ಅಸಲು ಆರ್‌ಸಿ, ಡಿಎಲ್, ವಿಮೆ, ಎಮಿಷನ್ ಸರ್ಟಿಫಿಕೇಟು ಕೈಯಲ್ಲಿರಲಿ. ಕಾರು ಭಾವನ ಹೆಸರಿನಲ್ಲಿದ್ದರೆ ಭಾವನಿಂದ ಒಪ್ಪಿಗೆ ಪತ್ರವೂ ಬೇಕು. ಶುಲ್ಕ ದಿನದ ಲೆಕ್ಕ, ಮೊದಲೇ ಕಟ್ಟಬೇಕು. ಇಲ್ಲಿ ಜಿಪುಣತನ ಮಾಡಿ ಸರಿಯಾಗಿ ಐದೇ ದಿನಕ್ಕೆ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಳೆಗಾಲದಲ್ಲಿ ನಾರಾಯಣಗಢ-ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದರೆ ಅರ್ಧ ದಿನ ಅಲ್ಲೇ ಹೋಗುತ್ತದೆ, ಅವಧಿ ಮೀರಿದ ಚೀಟಿಗೆ ದಂಡ. ಒಂದು ದಿನ ಹೆಚ್ಚಿಗೆ ಕಟ್ಟಿ, ಆ ಚೀಟಿಯನ್ನು ವಾಪಸು ಬರುವವರೆಗೆ ಜೋಪಾನ ಮಾಡಿ. ಮುಕ್ತಿನಾಥಕ್ಕೆ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಬೇರೆ, ಪೋಖರಾದಲ್ಲಿ ಮಾಡಿಸಬಹುದು.

ದುಡ್ಡಿನ ಮಾತು. ನಮ್ಮ ನೂರಕ್ಕೆ ಅವರ ನೂರಅರವತ್ತು, 1993ರಿಂದ ಹಾಗೇ ಇದೆ. ಅಂಗಡಿಯವನು "ಇನ್ನೂರು" ಎಂದರೆ "ಐಸಿಯೋ ಎನ್‌ಸಿಯೋ" ಎಂದು ಮೊದಲು ಕೇಳಿ, ಇಂಡಿಯನ್ನೋ ನೇಪಾಳಿಯೋ ಎಂದು. 2018ರ ಡಿಸೆಂಬರಿನಲ್ಲಿ ನೇಪಾಳ ನಮ್ಮ ನೂರಕ್ಕಿಂತ ದೊಡ್ಡ ನೋಟುಗಳನ್ನು ನಿಷೇಧಿಸಿದ ಮೇಲೆ ನೂರರ ಕಟ್ಟೇ ಯಾತ್ರಿಕರಿಗೆ ಗತಿಯಾಯಿತು. ಈಚೆಗೆ ಅದನ್ನು ಸಡಿಲಿಸುವ ಮಾತು ನಡೆದಿದೆ. ಆದರೂ ಚಹಾದ ಅಂಗಡಿಯಲ್ಲಿ ಐನೂರರ ನೋಟು ಹಿಡಿದು ವಾದ ಮಾಡುವ ಬದಲು ನೂರರ ಕಟ್ಟು ಇಟ್ಟುಕೊಂಡರೆ ನಷ್ಟವೇನು?

ಈ ಎಲ್ಲ ಗಲಾಟೆಯ ಪಕ್ಕದಲ್ಲೇ, ಅದೇ ಬಾಗಿಲಿನಲ್ಲಿ, ತರಕಾರಿ ಚೀಲ ಹಿಡಿದ ಹೆಂಗಸರು, ಸೈಕಲ್ಲಿನ ಹುಡುಗರು ಆಚೆ ಈಚೆ ಓಡಾಡಿಕೊಂಡಿರುತ್ತಾರೆ. ಅವರಿಗೆ ತವರು ಈ ದೇಶ, ಗಂಡನ ಮನೆ ಆ ದೇಶ. ರೋಟಿ-ಬೇಟಿಯ ಸಂಬಂಧ ಎನ್ನುತ್ತಾರೆ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಇನ್ನು ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ತಲೆತಲಾಂತರದಿಂದ ಕರ್ನಾಟಕದ ಕಡೆಯಿಂದಲೇ ಹೋದವರು. ಜೆರಾಕ್ಸೂ ಇಲ್ಲ, ರೈಲೂ ಇಲ್ಲದ ಕಾಲದಲ್ಲಿ ಅಷ್ಟು ದೂರ ಹೋದವರು ಊರಿಗೆ ಮತ್ತೆ ಬರುತ್ತೇವೋ ಇಲ್ಲವೋ ಎಂದುಕೊಂಡೇ ಹೊರಟಿರಬೇಕು. ಈಗ ಆ ಗುಡಿಯ ಅಂಗಳದಲ್ಲಿ ನಿಂತು "ಮೊಬೈಲ್ ಚಾರ್ಜರ್ ಬಸ್ಸಲ್ಲೇ ಬಿಟ್ಟೆ" ಎಂದು ಕನ್ನಡದಲ್ಲಿ ಪೇಚಾಡುವ ಸೌಭಾಗ್ಯ ನಮ್ಮದು.

ಭೂತಾನಿನದು ಇನ್ನೊಂದು ರೀತಿ. ಜೈಗಾಂವ್ ನಮ್ಮದು, ಗೋಡೆಯಾಚೆಯ ಫುಂಟ್‌ಶೋಲಿಂಗ್ ಅವರದು. ಅಲ್ಲೂ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಬೇಕೇ ಬೇಕು. ಪಾಸ್‌ಪೋರ್ಟ್ ಆದರೆ ಆರು ತಿಂಗಳ ಅವಧಿ ಉಳಿದಿರಬೇಕು, ಇಲ್ಲವೇ ವೋಟರ್ ಐಡಿ. ಆಧಾರ್ ಇಲ್ಲಿ ಅಜ್ಜನಿಗೂ ಇಲ್ಲ. ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ, 6ರಿಂದ 12ರ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕಾರನ್ನು ಗಡಿಪೇಟೆಯಿಂದ ಮುಂದೆ ಒಯ್ದರೆ ಅದಕ್ಕೆ ದಿನಕ್ಕೆ 4,500. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ತೋರಿಸಬೇಕು. ಅದನ್ನು ತೆಗೆದು ನೋಡಿದರೆ ಹೆಸರಿನ ಜಾಗ ಖಾಲಿ! ಆಸ್ಪತ್ರೆಯಲ್ಲೇ ನೋಂದಣಿಯಾಯಿತು, ನಾಮಕರಣ ಆಮೇಲಾಯಿತು, ಹೋಳಿಗೆ ಊಟದ ಗಡಿಬಿಡಿಯಲ್ಲಿ ನೋಂದಣಿ ಕಚೇರಿ ಯಾರಿಗೂ ನೆನಪಾಗಲಿಲ್ಲ. ಹತ್ತು ವರ್ಷದ ಹುಡುಗ ದಾಖಲೆಯ ಪ್ರಕಾರ ಇನ್ನೂ ಬರೀ "ಗಂಡು". ಜನನ ನೋಂದಣಿಯಾದ ಕಚೇರಿಯಲ್ಲೇ ಹೆಸರು ಸೇರಿಸಿಕೊಡುತ್ತಾರೆ, ಆದರೆ ಹೊರಡುವ ಹಿಂದಿನ ದಿನ ಹೋದರೆ ಅಲ್ಲ.

ವೋಟರ್ ಐಡಿ ಕಳೆದುಹೋಗಿದ್ದರೆ, ಹೆಸರು ತಪ್ಪಾಗಿದ್ದರೆ, ಮನೆ ಬದಲಾಗಿದ್ದರೆ ಎಲ್ಲಕ್ಕೂ ಫಾರಂ 8. ಆನ್‌ಲೈನಿನಲ್ಲಿ ತುಂಬಬಹುದು. ತೊಡಕಾದರೆ ಚುನಾವಣಾ ಸಹಾಯವಾಣಿ 1950, ಒಪ್ಪಂದದ ಇಸವಿಯೇ ಆದ್ದರಿಂದ ಮರೆಯುವ ಹಾಗಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಅರ್ಜಿ ಹಾಕಿ, ಆಮೇಲಲ್ಲ. ಮತ್ತೆ, ಅದೇ ಫಾರಮ್ಮಿನಲ್ಲಿ ಫೋಟೋ ಬದಲಾಯಿಸಲೂ ಅವಕಾಶವಿದೆ, ದಯವಿಟ್ಟು ಬಳಸಿಕೊಳ್ಳಿ.