ಚಿಪ್ ಕಾರ್ಖಾನೆಗೆ ಬೊಕ್ಕಸದ ಹಣ: ಪರ–ವಿರೋಧ

ಸೆಮಿಕಂಡಕ್ಟರ್, ಅಂದರೆ ಎಲೆಕ್ಟ್ರಾನಿಕ್ ಚಿಪ್, ಉದ್ಯಮವನ್ನು ದೇಶದೊಳಗೆ ಬೆಳೆಸಲೆಂದು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. ಚಿಪ್ ತಯಾರಿಸುವ ಇಲ್ಲವೇ ಪ್ಯಾಕೇಜಿಂಗ್ ಮಾಡುವ (ತಯಾರಾದ ಚಿಪ್‌ಗಳನ್ನು ಕತ್ತರಿಸಿ ಕವಚದೊಳಗೆ ಜೋಡಿಸುವ) ಘಟಕಗಳ ಯೋಜನಾ ವೆಚ್ಚದ ಅರ್ಧದಷ್ಟನ್ನು ಕೇಂದ್ರವೇ ಭರಿಸುತ್ತದೆ. ಘಟಕ ನೆಲೆಯೂರುವ ರಾಜ್ಯ ತನ್ನ ಪಾಲನ್ನು ಅದರ ಮೇಲೆ ಸೇರಿಸುತ್ತದೆ. 2025ರ ಆಗಸ್ಟ್ ಹೊತ್ತಿಗೆ ಒಟ್ಟು ಸುಮಾರು 1.6 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಹತ್ತು ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಸಾರ್ವಜನಿಕ ಹಣವನ್ನು ಹೀಗೆ ಖಾಸಗಿ ಕಾರ್ಖಾನೆಗಳಿಗೆ ಕೊಡುವುದು ಸರಿಯೇ?

ಪರ: ಈ ಖರ್ಚನ್ನು ಮುಂದೂಡಲಾಗದು

2021ರ ಸೆಪ್ಟೆಂಬರ್‌ನಲ್ಲಿ ತನ್ನ ಹರಿಯಾಣ ಮತ್ತು ಗುಜರಾತ್ ಕಾರ್ಖಾನೆಗಳ ಉತ್ಪಾದನೆ ಎಂದಿನ ಶೇ 40ರಷ್ಟಕ್ಕೆ ಇಳಿಯಬಹುದೆಂದು ಮಾರುತಿ ಸುಜುಕಿ ಪ್ರಕಟಿಸಿತು. ಉಕ್ಕಿಗೆ ಕೊರತೆ ಇರಲಿಲ್ಲ, ಕೆಲಸಗಾರರಿಗೆ ಕೊರತೆ ಇರಲಿಲ್ಲ, ಮುಂಗಡ ಕೊಟ್ಟು ಕಾದಿದ್ದ ಗಿರಾಕಿಗಳಿಗಂತೂ ಕೊರತೆಯೇ ಇರಲಿಲ್ಲ. ಬೆರಳ ತುದಿಯ ಮೇಲೆ ಕೂರುವ ಚಿಪ್‌ಗಳು ಸಿಗದೆ ಹೋದದ್ದರಿಂದ ದೇಶದ ಅತಿದೊಡ್ಡ ಕಾರು ಕಂಪನಿ ಕೈಕಟ್ಟಿ ಕೂರಬೇಕಾಯಿತು. ಕೋವಿಡ್ ಕಾಲದ ಆ ಕೊರತೆ ಮುಗಿದ ಕಥೆ ಎಂದುಕೊಳ್ಳುವವರು 2025ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ನೋಡಬೇಕು. ಚೀನಾದ ವಿಂಗ್‌ಟೆಕ್ ಒಡೆತನದ, ನೆದರ್‌ಲೆಂಡ್ಸ್‌ನಲ್ಲಿ ನೆಲೆಯಿರುವ ನೆಕ್ಸ್‌ಪೀರಿಯಾ ಕಂಪನಿಯ ಆಡಳಿತದಲ್ಲಿ ಡಚ್ ಸರ್ಕಾರ ಮಧ್ಯಪ್ರವೇಶಿಸಿತು. ಪ್ರತಿಯಾಗಿ ಚೀನಾ ತನ್ನ ನೆಲದಲ್ಲಿದ್ದ ಆ ಕಂಪನಿಯ ಘಟಕದಿಂದ ರಫ್ತನ್ನು ತಡೆಯಿತು. ಕೆಲವೇ ವಾರಗಳಲ್ಲಿ ಮೆಕ್ಸಿಕೊದ ಹೋಂಡಾ ಕಾರ್ಖಾನೆ ನಿಂತಿತು. ನೆಕ್ಸ್‌ಪೀರಿಯಾ ಮಾರುವುದು ಕೃತಕ ಬುದ್ಧಿಮತ್ತೆಯ ದುಬಾರಿ ಪ್ರೊಸೆಸರ್‌ಗಳನ್ನಲ್ಲ, ಡಯೋಡು, ಟ್ರಾನ್ಸಿಸ್ಟರಿನಂಥ ಅಗ್ಗದ ಬಿಡಿಭಾಗಗಳನ್ನು. ಅಗ್ಗದ ವಸ್ತುವೇ ಇಷ್ಟು ದೊಡ್ಡ ಚಕ್ರವನ್ನು ನಿಲ್ಲಿಸಬಲ್ಲುದಾದರೆ, 140 ಕೋಟಿ ಜನರ ದೇಶ ಅದನ್ನು ಪೂರ್ತಿಯಾಗಿ ಬೇರೆಯವರ ಮರ್ಜಿಗೆ ಬಿಡಬಹುದೇ?

ಮಾರುಕಟ್ಟೆಯೇ ಇದನ್ನು ನೋಡಿಕೊಳ್ಳಲಿ ಎನ್ನುವ ವಾದಕ್ಕೆ ಈ ಉದ್ಯಮದ ಚರಿತ್ರೆಯಲ್ಲಿ ಆಧಾರವಿಲ್ಲ. ತೈವಾನ್ ಸರ್ಕಾರ 1973ರಲ್ಲಿ ಕೈಗಾರಿಕಾ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿ, 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ತಂತ್ರಜ್ಞಾನ ಪಡೆದು, ತನ್ನ ಯುವ ಎಂಜಿನಿಯರುಗಳನ್ನು ತರಬೇತಿಗೆ ಅಲ್ಲಿಗೇ ಕಳಿಸಿತು. ಇಂದು ಜಗತ್ತೇ ಅವಲಂಬಿಸಿರುವ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯನ್ನು 1987ರಲ್ಲಿ ಮೋರಿಸ್ ಚಾಂಗ್ ಆರಂಭಿಸಿದಾಗ ಬಂಡವಾಳದ ದೊಡ್ಡ ಪಾಲು ಬಂದದ್ದು ಸರ್ಕಾರದಿಂದ. ಮುಕ್ತ ಮಾರುಕಟ್ಟೆಯ ಪಾಠವನ್ನು ಎಲ್ಲರಿಗೂ ಹೇಳಿಕೊಟ್ಟ ಅಮೆರಿಕವೇ 2022ರ ಆಗಸ್ಟ್‌ನಲ್ಲಿ ಕಾನೂನು ಮಾಡಿ 52.7 ಬಿಲಿಯನ್ ಡಾಲರ್ ಎತ್ತಿಟ್ಟಿತು. ಎಲ್ಲ ದೇಶಗಳೂ ಹಣ ಕೊಟ್ಟು ಕರೆಯುತ್ತಿರುವಾಗ ಬರಿಗೈಯಲ್ಲಿ ಕರೆಯುವ ದೇಶಕ್ಕೆ ಯಾರೂ ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂಬುದು ಅರ್ಥವಾಗಬೇಕಾದರೆ ಚಿಪ್ ಕಾರ್ಖಾನೆಯ ಒಳಗೆ ಏನು ನಡೆಯುತ್ತದೆಂದು ನೋಡಬೇಕು. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಗಳನ್ನು, ಅಂದರೆ ವೇಫರ್‌ಗಳನ್ನು, ಮುಚ್ಚಿದ ಪೆಟ್ಟಿಗೆಗಳಲ್ಲಿಟ್ಟು ಚಾವಣಿಗೆ ಜೋಡಿಸಿದ ಹಳಿಗಳ ಮೇಲೆ ಯಂತ್ರದಿಂದ ಯಂತ್ರಕ್ಕೆ ಸಾಗಿಸುತ್ತಾರೆ. ಮನುಷ್ಯರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡೇ ಒಳಗೆ ಕಾಲಿಡುತ್ತಾರೆ. ವಿನ್ಯಾಸವನ್ನು ಬೆಳಕಿನಿಂದ ಅಚ್ಚೊತ್ತುವ ಕೋಣೆಯಲ್ಲಿ ಹಳದಿ ದೀಪಗಳಷ್ಟೇ ಇರುತ್ತವೆ, ಏಕೆಂದರೆ ವೇಫರ್ ಮೇಲೆ ಬಳಿದ ರಾಸಾಯನಿಕ ಬಿಳಿ ಬೆಳಕಿಗೆ ಕೆಡುತ್ತದೆ. ನೂರಾರು ಹಂತಗಳನ್ನು ದಾಟಿ ಒಂದು ವೇಫರ್ ಹೊರಬರಲು ಎರಡು ಮೂರು ತಿಂಗಳು ಬೇಕು. 2019ರ ಜೂನ್‌ನಲ್ಲಿ ಜಪಾನಿನ ಯೊಕ್ಕೈಚಿಯಲ್ಲಿ ಕೇವಲ 13 ನಿಮಿಷ ವಿದ್ಯುತ್ ಹೋದದ್ದಕ್ಕೆ ತೊಷಿಬಾ ಮೆಮೊರಿಯ ಕಾರ್ಖಾನೆ ಮತ್ತೆ ಪೂರ್ತಿ ಹಳಿಗೆ ಬರಲು ವಾರಗಳೇ ಹಿಡಿದವು. ಇಷ್ಟು ಸೂಕ್ಷ್ಮವಾದ, ಇಷ್ಟು ದುಬಾರಿಯಾದ ಕಾರ್ಖಾನೆಯನ್ನು ಹಿಂದೆಂದೂ ಅದು ನಡೆಯದ ಊರಿನಲ್ಲಿ ಮೊದಲು ಕಟ್ಟುವವನು ಅಪಾಯವನ್ನು ಹಂಚಿಕೊಳ್ಳುವವರು ಬೇಕೆಂದು ಕೇಳುವುದು ಸಹಜ.

ನಮ್ಮಲ್ಲಿ ಇದನ್ನು ಯಾರೂ ಯೋಚಿಸಿರಲಿಲ್ಲ ಎಂದಲ್ಲ. ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ ಉತ್ಪಾದನೆ ಆರಂಭಿಸಿ, ಜಗತ್ತಿನ ಮುಂಚೂಣಿಗೆ ಕೆಲವೇ ವರ್ಷಗಳ ಹಿಂದಿತ್ತು. 1989ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು, ಮತ್ತೆ ಕಟ್ಟುವುದರಲ್ಲಿ ವರ್ಷಗಳು ಉರುಳಿದವು, ಅಷ್ಟರಲ್ಲಿ ಜಗತ್ತು ಕೈಗೆಟುಕದಷ್ಟು ಮುಂದೆ ಹೋಗಿತ್ತು. ಬೆಂಕಿಗಿಂತ ಹೆಚ್ಚು ಹಾನಿ ಮಾಡಿದ್ದು ಬೆಂಕಿಯ ನಂತರದ ಉದಾಸೀನ. ಆ ತಪ್ಪನ್ನು ಎರಡನೇ ಬಾರಿ ಮಾಡಬಾರದು.

ಇನ್ನು ಹಣ ಪೋಲಾಗುತ್ತದೆಂಬ ಭಯ. ಕಂಪನಿ ತನ್ನ ಪಾಲಿನ ಹಣ ಹೂಡುತ್ತ ಹೋದಂತೆ ಅದಕ್ಕೆ ಸಮನಾಗಿ ಸರ್ಕಾರದ ಹಣ ಬಿಡುಗಡೆಯಾಗುವುದು ಈಗಿನ ನಿಯಮ. ವೇದಾಂತ–ಫಾಕ್ಸ್‌ಕಾನ್ ಜೋಡಿ 19.5 ಬಿಲಿಯನ್ ಡಾಲರಿನ ಯೋಜನೆ ಪ್ರಕಟಿಸಿ 2023ರ ಜುಲೈನಲ್ಲಿ ಬೇರೆಯಾದಾಗ ಬೊಕ್ಕಸದಿಂದ ಸಬ್ಸಿಡಿಯ ರೂಪಾಯಿಯೂ ಹೋಗಿರಲಿಲ್ಲ. ಮೈಸೂರಿನ ಕೇನ್ಸ್ ಕಂಪನಿ ಗುಜರಾತಿನ ಸಾಣಂದ್‌ನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆದು, ಮರುವರ್ಷವೇ ಅಲ್ಲಿ ಪ್ಯಾಕ್ ಮಾಡಿದ ಮೊದಲ ಚಿಪ್ ಮಾಡ್ಯೂಲುಗಳನ್ನು ಅಮೆರಿಕದ ಗಿರಾಕಿಗೆ ಕಳಿಸಿತು. ನಮ್ಮ ಊರಿನ ಕಂಪನಿಯೊಂದು ಇಂಥ ಕೆಲಸಕ್ಕೆ ಕೈಹಾಕುವ ಧೈರ್ಯ ಮಾಡಿದ್ದರ ಹಿಂದೆ ಈ ಯೋಜನೆಯ ಬೆಂಬಲವಿದೆ.

ವಿರೋಧ: ಹಣ ಜನರದ್ದಾದರೆ ಪಾಲೂ ಜನರಿಗೆ ಬೇಕು

ಚಿಪ್ ಮುಖ್ಯವೆಂಬುದನ್ನು ಒಪ್ಪಿಯೇ ಈ ವಾದವನ್ನು ಆರಂಭಿಸುತ್ತೇನೆ. ಮೊಹಾಲಿಯ ಅವಸ್ಥೆಯ ಬಗ್ಗೆ ಮೇಲೆ ಹೇಳಿದ್ದೆಲ್ಲ ನಿಜ. ನನ್ನ ತಕರಾರು ಕಾರ್ಖಾನೆಯ ಬಗ್ಗೆ ಅಲ್ಲ, ಕರಾರಿನ ಬಗ್ಗೆ.

ಅಮೆರಿಕದ ಮೆಮೊರಿ ಚಿಪ್ ಕಂಪನಿ ಮೈಕ್ರಾನ್ ಸಾಣಂದ್‌ನಲ್ಲಿ ಕಟ್ಟುವ ಘಟಕವನ್ನೇ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಪ್ರಕಟವಾದ ಈ ಯೋಜನೆಯ ಒಟ್ಟು ವೆಚ್ಚ 2.75 ಬಿಲಿಯನ್ ಡಾಲರ್, ಅಂದರೆ 22,516 ಕೋಟಿ ರೂಪಾಯಿ. ಇದರಲ್ಲಿ ಶೇ 50 ಕೇಂದ್ರದ್ದು, ಶೇ 20 ಗುಜರಾತ್ ಸರ್ಕಾರದ್ದು. ಕಂಪನಿ ತನ್ನ ಜೇಬಿನಿಂದ ಹಾಕುವುದು 825 ಮಿಲಿಯನ್ ಡಾಲರ್ ಮಾತ್ರ. ಅಲ್ಲಿ ನಡೆಯುವುದು ವೇಫರ್ ತಯಾರಿಕೆಯೂ ಅಲ್ಲ. ಬೇರೆ ದೇಶಗಳ ಮೈಕ್ರಾನ್ ಕಾರ್ಖಾನೆಗಳಿಂದ ಬಂದ ಮೆಮೊರಿ ವೇಫರ್‌ಗಳನ್ನು ಕತ್ತರಿಸಿ, ಜೋಡಿಸಿ, ಪರೀಕ್ಷಿಸಿ ಕಳಿಸುವ ಕೆಲಸ. ಕಂಪನಿ ಹೇಳಿದ ನೇರ ಉದ್ಯೋಗಗಳ ಸಂಖ್ಯೆ 5,000. ಸಾರ್ವಜನಿಕ ಹಣವನ್ನು ಇದರಿಂದ ಭಾಗಿಸಿದರೆ ಒಂದು ಉದ್ಯೋಗಕ್ಕೆ ಮೂರು ಕೋಟಿಗೂ ಹೆಚ್ಚು ಬೀಳುತ್ತದೆ. ಕೇಂದ್ರದ ಬೃಹತ್ ಕೈಗಾರಿಕಾ ಸಚಿವರಾದ ಕೆಲವೇ ದಿನಗಳಲ್ಲಿ, 2024ರ ಜೂನ್‌ನಲ್ಲಿ, ಎಚ್.ಡಿ. ಕುಮಾರಸ್ವಾಮಿ ಅವರು ಇದೇ ಲೆಕ್ಕವನ್ನು ಬೆಂಗಳೂರಿನಲ್ಲಿ ಎತ್ತಿದರು. ಬಳಿಕ ಅವರು ಸ್ಪಷ್ಟನೆ ಕೊಡಬೇಕಾಗಿ ಬಂತು. ಸ್ಪಷ್ಟನೆಯಿಂದ ಲೆಕ್ಕ ಬದಲಾಗುವುದಿಲ್ಲ. ಚಿಪ್ ಕಾರ್ಖಾನೆ ಉದ್ಯೋಗಕ್ಕಾಗಿ ಅಲ್ಲ, ಭದ್ರತೆಗಾಗಿ ಎಂದು ಬೆಂಬಲಿಗರು ಹೇಳುತ್ತಾರೆ. ಹಾಗಾದರೆ ಪ್ರತಿ ಘೋಷಣೆಯಲ್ಲೂ ಉದ್ಯೋಗಗಳ ಸಂಖ್ಯೆಯನ್ನೇ ಮುಂದಿಡುವುದನ್ನು ನಿಲ್ಲಿಸಿ, ಎಷ್ಟು ಭದ್ರತೆ ಬಂತೆಂಬುದನ್ನು ತೋರಿಸಬೇಕು.

ಭದ್ರತೆಯ ವಾದಕ್ಕೆ ಬಲ ಕೊಡುವುದಕ್ಕೆಂದು ಉದಾಹರಿಸುವ ನೆಕ್ಸ್‌ಪೀರಿಯಾ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಅದು ಬೇರೆಯದನ್ನೇ ಹೇಳುತ್ತದೆ. ಆ ಕಂಪನಿಯ ವೇಫರ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ಯುರೋಪಿನಲ್ಲಿ, ಮುಖ್ಯವಾಗಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಆದರೆ ಅವುಗಳ ಪ್ಯಾಕೇಜಿಂಗಿನ ಬಹುಪಾಲು ನಡೆಯುವುದು ಚೀನಾದ ಡೊಂಗ್ವಾನ್‌ನಲ್ಲಿ. ಕಾರ್ಖಾನೆ ತನ್ನದೇ ನೆಲದಲ್ಲಿದ್ದೂ ಯುರೋಪಿನ ಕಾರು ಉದ್ಯಮ ಕಂಗಾಲಾಯಿತು, ಏಕೆಂದರೆ ಪೂರೈಕೆಯ ಸರಪಳಿ ಬೇರೊಂದು ಕೊಂಡಿಯಲ್ಲಿ ತುಂಡಾಗಿತ್ತು. ಗುಜರಾತಿನ ಧೊಲೇರಾದಲ್ಲಿ 91,000 ಕೋಟಿ ರೂಪಾಯಿಗಳಲ್ಲಿ ಎದ್ದೇಳುತ್ತಿರುವ ಟಾಟಾ ಘಟಕಕ್ಕೆ ತಂತ್ರಜ್ಞಾನ ತೈವಾನಿನ ಚಿಪ್ ಕಂಪನಿ ಪಿಎಸ್‌ಎಂಸಿಯದು; ಅದರ ಮುಖ್ಯ ಯಂತ್ರಗಳು ಬರುವುದು ನೆದರ್‌ಲೆಂಡ್ಸ್, ಜಪಾನ್, ಅಮೆರಿಕಗಳಿಂದ; ಶುದ್ಧ ರಾಸಾಯನಿಕ, ಅನಿಲ, ಖಾಲಿ ವೇಫರ್‌ಗಳಿಗೂ ಸದ್ಯಕ್ಕೆ ಹೊರದೇಶದ ಬಾಗಿಲನ್ನೇ ತಟ್ಟಬೇಕು. ತಿಂಗಳಿಗೆ 50,000 ವೇಫರ್ ಸಾಮರ್ಥ್ಯದ ಈ ಘಟಕ 28 ನ್ಯಾನೊಮೀಟರ್ (ಈ ಅಂಕಿ ಚಿಕ್ಕದಾದಷ್ಟೂ ಚಿಪ್ಪಿನ ಪೀಳಿಗೆ ಹೊಸದು) ಮತ್ತು ಅದಕ್ಕಿಂತ ಹಳೆಯ ಪೀಳಿಗೆಯ ಚಿಪ್‌ಗಳಿಗೆ ಮೀಸಲು. ಉಪಯುಕ್ತ ಚಿಪ್‌ಗಳೇ ಹೌದು. ಆದರೆ ಚೀನಾ ತನ್ನ ಸಾಮರ್ಥ್ಯವನ್ನು ಭರದಿಂದ ಹೆಚ್ಚಿಸುತ್ತಿರುವುದು ಇದೇ ವರ್ಗದಲ್ಲಿ. ಬೆಲೆ ಕುಸಿದ ದಿನ ಕಾರ್ಖಾನೆ ನಡೆಸುವುದಕ್ಕೂ ಸಬ್ಸಿಡಿ ಬೇಕೆಂಬ ಬೇಡಿಕೆ ಬಂದರೆ ಸರ್ಕಾರ ಇಲ್ಲವೆನ್ನಬಲ್ಲುದೇ?

ತೈವಾನಿನ ಉದಾಹರಣೆಯನ್ನು ಅರ್ಧ ಮಾತ್ರ ಹೇಳುವುದು ನನಗೆ ಎಲ್ಲಕ್ಕಿಂತ ಬೇಸರ ತರುತ್ತದೆ. ಅಲ್ಲಿನ ಸರ್ಕಾರ ಟಿಎಸ್‌ಎಂಸಿಗೆ ಹಣವನ್ನು ದಾನವಾಗಿ ಕೊಡಲಿಲ್ಲ. ಅರ್ಧಕ್ಕೆ ಹತ್ತಿರದಷ್ಟು ಷೇರುಗಳನ್ನು ಪಡೆಯಿತು. ಕಂಪನಿ ಬೆಳೆದಂತೆ ಆ ಷೇರುಗಳ ಬೆಲೆ ಬೆಳೆದು ಲಾಭ ತೈವಾನಿನ ಜನರಿಗೆ ಮರಳಿತು. ಅಮೆರಿಕವೂ 2025ರ ಆಗಸ್ಟ್‌ನಲ್ಲಿ ಇಂಟೆಲ್‌ಗೆ ಕೊಡಬೇಕಿದ್ದ ಅನುದಾನವನ್ನು ಷೇರುಗಳಾಗಿ ಪರಿವರ್ತಿಸಿ, 8.9 ಬಿಲಿಯನ್ ಡಾಲರಿಗೆ ಸುಮಾರು ಶೇ 10ರ ಪಾಲನ್ನು ತನ್ನದಾಗಿಸಿಕೊಂಡಿತು. ನಮ್ಮ ಕರಾರಿನಲ್ಲಿ ಶೇ 70ರಷ್ಟು ಹಣ ಕೊಟ್ಟವರಿಗೆ ಒಂದು ಷೇರೂ ಇಲ್ಲ. ಊರಿನ ಸಹಕಾರ ಸಂಘದಲ್ಲಿ ನೂರು ರೂಪಾಯಿ ಇಟ್ಟ ರೈತನೂ ಸದಸ್ಯನಾಗಿ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುತ್ತಾನೆ. ಸಾವಿರಾರು ಕೋಟಿ ಕೊಟ್ಟ ತೆರಿಗೆದಾರನಿಗೆ ಆ ಹಕ್ಕೂ ಇಲ್ಲ.

ಇದೇ ಹೊತ್ತಿನಲ್ಲಿ ನಮ್ಮ ನಿಜವಾದ ಶಕ್ತಿಗೆ ಸಿಕ್ಕಿದ್ದೆಷ್ಟು? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ನಾಲ್ಕು ದಶಕ ಕಳೆದಿದೆ. ಇಂದು ಜಗತ್ತಿನ ಚಿಪ್ ವಿನ್ಯಾಸ ಎಂಜಿನಿಯರುಗಳಲ್ಲಿ ಐದರಲ್ಲೊಂದು ಪಾಲು ಭಾರತದಲ್ಲಿದೆ ಎಂಬುದು ಸರ್ಕಾರವೇ ಹೆಮ್ಮೆಯಿಂದ ಹೇಳುವ ಮಾತು, ಅವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿನಲ್ಲೇ ಇದ್ದಾರೆ. ಅವರು ಬಿಡಿಸಿದ ವಿನ್ಯಾಸದ ಹಕ್ಕು ಮಾತ್ರ ಹೊರದೇಶದ ಮಾಲೀಕರದು. ಆ ಎಂಜಿನಿಯರು ನೌಕರಿ ಬಿಟ್ಟು ತನ್ನದೇ ಕಂಪನಿ ಕಟ್ಟಿ ಸ್ವಂತ ಚಿಪ್ ವಿನ್ಯಾಸಗೊಳಿಸುತ್ತೇನೆಂದು ಮುಂದೆ ಬಂದರೆ, ವಿನ್ಯಾಸ ಪ್ರೋತ್ಸಾಹ ಯೋಜನೆಯಡಿ ಒಂದು ಅರ್ಜಿಗೆ ಮರಳಿ ಸಿಗುವ ವೆಚ್ಚದ ಮಿತಿ 15 ಕೋಟಿ ರೂಪಾಯಿ. ಮುಂದುವರಿದ ಪೀಳಿಗೆಯ ಒಂದು ಚಿಪ್ಪಿನ ವಿನ್ಯಾಸ, ಸಾಫ್ಟ್‌ವೇರ್ ಪರವಾನಗಿ, ಮಾಸ್ಕ್ (ವಿನ್ಯಾಸವನ್ನು ವೇಫರ್ ಮೇಲೆ ಒತ್ತುವ ಅಚ್ಚು) ತಯಾರಿಕೆ, ಮೊದಲ ಮಾದರಿಗಳ ಪರೀಕ್ಷೆ ಎಲ್ಲ ಸೇರಿದರೆ ಆ ಹಣ ಯಾವ ಮೂಲೆಗೆ? ಕ್ವಾಲ್‌ಕಾಮ್ ಮತ್ತು ಎನ್‌ವಿಡಿಯಾ ದೊಡ್ಡವಾದದ್ದು ಸ್ವಂತ ಕಾರ್ಖಾನೆ ಕಟ್ಟಿ ಅಲ್ಲ, ವಿನ್ಯಾಸದ ಒಡೆತನವನ್ನು ತಮ್ಮಲ್ಲೇ ಉಳಿಸಿಕೊಂಡು.

ರಾಜ್ಯಗಳ ನಡುವಿನ ಹರಾಜು ಇನ್ನೊಂದು ಚಿಂತೆ. ಮೈಸೂರಿನ ಕಂಪನಿ ಸಾಣಂದ್‌ಗೆ ಹೋದದ್ದನ್ನು ಮೇಲೆ ಯಶಸ್ಸಿನ ಕಥೆಯಾಗಿ ಹೇಳಲಾಗಿದೆ. ಆ ಘಟಕವನ್ನು ಮೈಸೂರಿನ ಪಕ್ಕದಲ್ಲೇ ಏಕೆ ಕಟ್ಟಲಾಗಲಿಲ್ಲ ಎಂದು ಕನ್ನಡಿಗರಾಗಿ ನಾವು ಕೇಳಬೇಕು. ಹಾಗೆಂದು ಕರ್ನಾಟಕವೂ ಹೆಚ್ಚು ಸಬ್ಸಿಡಿ ಕೂಗಲಿ ಎನ್ನುವುದು ಉತ್ತರವಾಗಲಾರದು. ಪೀಣ್ಯದ ಶೆಡ್ಡುಗಳಲ್ಲಿ ಯಂತ್ರದ ಭಾಗಗಳನ್ನು ಕಡೆಯುವ ಸಣ್ಣ ಉದ್ಯಮಿಗೆ ಮಾಲು ಕೊಟ್ಟ 45 ದಿನಗಳೊಳಗೆ ಹಣ ಬರಬೇಕೆಂದು ಕಾನೂನೇ ಇದೆ. ದೊಡ್ಡ ಕಂಪನಿಗಳು ಅದನ್ನು ಮೀರಿದಾಗ ಅವನು ವಿದ್ಯುತ್ ಬಿಲ್ಲನ್ನೂ ಸಂಬಳವನ್ನೂ ಸಾಲದಿಂದ ತುಂಬುತ್ತಾನೆ. ಚಿಪ್ ಕಾರ್ಖಾನೆಗೆ ಬೇಕಾಗುವ ಕವಾಟ, ಪಂಪು, ಲೋಹದ ಚೌಕಟ್ಟುಗಳನ್ನು ನಾಳೆ ಇಲ್ಲೇ ಮಾಡಬೇಕಾದವನು ಅವನೇ. ಅವನನ್ನು ಮರೆತು ಕಟ್ಟಿದ ಘಟಕ ಪ್ರತಿ ಬಿಡಿಭಾಗಕ್ಕೂ ಹಡಗಿನ ದಾರಿ ಕಾಯಬೇಕಾಗುತ್ತದೆ.

ಇನ್ನು ಯೋಜನೆಯ ಎರಡನೇ ಹಂತದ ಮಾತು. ಅದರ ನಿಯಮಗಳಲ್ಲಿ ಮೂರು ವಿಷಯಗಳು ಅಕ್ಷರದಲ್ಲಿ ಬರಬೇಕು. ಬೊಕ್ಕಸದ ಹಣಕ್ಕೆ ತಕ್ಕ ಷೇರು ಸರ್ಕಾರಕ್ಕೆ ಸಿಗಬೇಕು. ಪ್ರತಿ ಘಟಕಕ್ಕೆ ಬಿಡುಗಡೆಯಾದ ಮೊತ್ತ, ಅಲ್ಲಿ ತಯಾರಾದ ಚಿಪ್‌ಗಳು, ಅವುಗಳಲ್ಲಿ ದೇಶದೊಳಗೆ ಮಾರಾಟವಾದವು ಎಷ್ಟೆಂಬುದು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಬೇಕು. ವಿನ್ಯಾಸ ಕಂಪನಿಗಳ 15 ಕೋಟಿಯ ಮಿತಿಯನ್ನು ತೆಗೆದು, ಭಾರತದಲ್ಲೇ ಹಕ್ಕು ಉಳಿಯುವ ಚಿಪ್‌ಗಳಿಗೆ ಹಣ ಹರಿಯಬೇಕು. ಇವಿಲ್ಲದೆ ಇನ್ನೊಂದು 76,000 ಕೋಟಿಗೆ ಸಹಿ ಬೀಳುವುದಾದರೆ ಅದನ್ನು ನಾನು ವಿರೋಧಿಸುತ್ತೇನೆ.