ಕೊನೆಯ ‘ಆಮೆನ್’

2024ರ ಮೇ 3ರಂದು ಅಮೆರಿಕದ ಕಂಟ್ರಿ ಗಾಯಕ ರ‍್ಯಾಂಡಿ ಟ್ರಾವಿಸ್ ಅವರ ಹೊಸ ಹಾಡು ಬಂತು, ‘ವೇರ್ ದಟ್ ಕೇಮ್ ಫ್ರಮ್’ ಅಂತ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾಲ್ಕು ಮಾತು ಕೂಡಿಸಿ ಆಡಲಾಗದ ಮನುಷ್ಯನ ಹಾಡು, ಎಐ ನೆರವಿನಿಂದ ಅವರದೇ ದನಿಯಲ್ಲಿ ತಯಾರಾದದ್ದು. ಸುದ್ದಿ ಓದಿದ ತುಂಬಾ ಜನ “ಎಐ ಹಾಡಿದ್ದು ತಾನೇ, ಅದರಲ್ಲಿ ಅವರದೇನಿದೆ” ಅಂದುಬಿಟ್ಟರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಾಡು ತಯಾರಾದ ಬಗೆಯನ್ನು ಬಿಡಿಸಿ ನೋಡಿದರೆ ಇದನ್ನು ಅವರ ಮರಳಿಕೆ ಅಂತಲೇ ಕರೆಯಬೇಕು ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಟ್ರಾವಿಸ್ ಹುಟ್ಟಿದ್ದು 1959ರಲ್ಲಿ, ನಾರ್ತ್ ಕ್ಯಾರೊಲಿನಾದ ಮಾರ್ಷ್‌ವಿಲ್ ಎಂಬ ಸಣ್ಣ ಊರಲ್ಲಿ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಬಂದ ಮೇಲೆ ರೆಕಾರ್ಡ್ ಕಂಪನಿಗಳು ಬೇಡ ಅಂದವು. ನ್ಯಾಶ್‌ವಿಲ್ ಪ್ಯಾಲೇಸ್ ಎಂಬ ಕ್ಲಬ್ಬಿನ ಅಡುಗೆಮನೆಯಲ್ಲಿ ದುಡಿಯುತ್ತಾ ಅಲ್ಲೇ ವೇದಿಕೆ ಹತ್ತಿ ಹಾಡುತ್ತಿದ್ದರು. ಕೊನೆಗೂ 1985ರಲ್ಲಿ ‘ಆನ್ ದಿ ಅದರ್ ಹ್ಯಾಂಡ್’ ಹೊರಬಂತು, ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 67ನೇ ಸ್ಥಾನಕ್ಕೇ ನಿಂತುಹೋಯಿತು. ಮರುವರ್ಷ ಅದೇ ಹಾಡನ್ನು ಮತ್ತೆ ಬಿಟ್ಟರು, ಒಂದನೇ ಸ್ಥಾನಕ್ಕೆ ಹೋಯಿತು. ಆಳವಾದ ಬ್ಯಾರಿಟೋನ್ ದನಿ. ಸಾಲಿನ ಕೊನೆಗೆ ಸ್ವರವನ್ನು ಹಾಗೇ ಕತ್ತರಿಸದೆ, ಅವಸರವಿಲ್ಲದೆ ಕೆಳಕ್ಕೆ ಜಾರಿಸಿ ಬಿಡುವ ರೀತಿ. ಸಂಗೀತ ಕಲಿತವರು ಕೇಳಿದರೆ ‘ಜಾರು’ ಅನ್ನುತ್ತಾರೆ. ಈ ಜಾರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2013ರ ಜುಲೈಯಲ್ಲಿ ವೈರಸ್ ಸೋಂಕಿನಿಂದ ಅವರ ಹೃದಯದ ಸ್ನಾಯು ಸೋತಿತು. ಹೃದಯ ಪೂರ್ತಿ ಬಲದಿಂದ ಪಂಪ್ ಮಾಡದಿದ್ದಾಗ ರಕ್ತ ಒಳಗೇ ನಿಂತಂತಾಗಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತುಕೊಂಡು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಸ್ಟ್ರೋಕ್. ಇಂಥ ಕಾಯಿಲೆಯಲ್ಲಿ ಎಲ್ಲರೂ ಹೆದರುವುದು ಇದಕ್ಕೇ. ಟ್ರಾವಿಸ್ ಅವರಿಗೂ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೇ ಸ್ಟ್ರೋಕ್ ಆಯಿತು. ಮಿದುಳಿನ ಒತ್ತಡ ಇಳಿಸಲು ಸರ್ಜರಿ ಮಾಡಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು.

ಇಲ್ಲಿ ಬಹಳ ಜನ ತಪ್ಪು ತಿಳಿಯುವುದುಂಟು. ಹೋದದ್ದು ಗಂಟಲಲ್ಲ. ಅವರಿಗಾದದ್ದು ಅಫೇಸಿಯಾ, ಅಂದರೆ ಪದಗಳನ್ನು ಹುಡುಕಿ ತೆಗೆದು ಸಾಲಾಗಿ ಜೋಡಿಸುವ ಮಿದುಳಿನ ಕೆಲಸಕ್ಕೆ ಬಿದ್ದ ಪೆಟ್ಟು. ಇಂಥ ಬಗೆಯ ಅಫೇಸಿಯಾದಲ್ಲಿ ಎದುರಿಗಿರುವವರು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ, ತಾನು ಹೇಳಬೇಕಾದದ್ದೂ ಗೊತ್ತಿರುತ್ತದೆ, ನಾಲಿಗೆಗೆ ಮಾತ್ರ ಬರುವುದಿಲ್ಲ. ಹೆಚ್ಚಿನವರಲ್ಲಿ ಮಾತಿನ ಕೆಲಸ ಮಿದುಳಿನ ಎಡಭಾಗದ್ದು. ರಾಗದ ಕೆಲಸದಲ್ಲಿ ಬಲಭಾಗಕ್ಕೂ ದೊಡ್ಡ ಪಾಲಿದೆ. ಹೀಗಾಗಿ “ನೀರು ಬೇಕು” ಅನ್ನಲಾಗದವರು ಚಿಕ್ಕಂದಿನ ಭಜನೆಯನ್ನು ಪದ ಸಮೇತ ಹಾಡಿಬಿಡುವುದುಂಟು. ಇದನ್ನೇ ಹಿಡಿದು 1970ರ ದಶಕದಲ್ಲಿ ಬಾಸ್ಟನ್‌ನಲ್ಲಿ ಒಂದು ಚಿಕಿತ್ಸಾ ಕ್ರಮ ರೂಪಿಸಿದರು. ಥೆರಪಿಸ್ಟ್ ರೋಗಿಯ ಎಡಗೈ ಹಿಡಿದು ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಮೆಲ್ಲಗೆ ತಟ್ಟುತ್ತಾರೆ. ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ. ಮೊದಲು ಗುನುಗುವುದು, ಆಮೇಲೆ ಇಬ್ಬರೂ ಕೂಡಿ ಹಾಡುವುದು, ನಡುವೆ ಥೆರಪಿಸ್ಟ್ ದನಿ ತಗ್ಗಿಸಿ ನಿಲ್ಲಿಸಿಬಿಡುವುದು, ಕೊನೆಗೆ ಪ್ರಶ್ನೆ ಕೇಳಿ ಅದೇ ಧಾಟಿಯಲ್ಲಿ ಉತ್ತರ ಬರಿಸುವುದು. ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅವಸರಪಟ್ಟು ಮೆಟ್ಟಿಲು ಹಾರಿಸಿದರೆ ರೋಗಿಗೆ ರಾಗ ಉಳಿಯುತ್ತದೆ, ಪದ ಕೈಕೊಡುತ್ತದೆ.

2016ರ ಅಕ್ಟೋಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡ ದಿನ ಟ್ರಾವಿಸ್ ‘ಅಮೇಜಿಂಗ್ ಗ್ರೇಸ್’ ಹಾಡಿದರು. ಹಾಗಿದ್ದ ಮೇಲೆ ಹೊಸ ಹಾಡನ್ನೂ ಹಾಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬಾಲ್ಯದಿಂದ ಸಾವಿರ ಸಲ ಹಾಡಿದ ಸ್ತೋತ್ರ ನೆನಪಿನಲ್ಲಿ ಒಂದೇ ಎಳೆಯಾಗಿ ಇರುತ್ತದೆ, ತುದಿ ಎಳೆದರೆ ಉಳಿದದ್ದು ಹಿಂದೆಯೇ ಬರುತ್ತದೆ. ಹೊಸ ಹಾಡಿನಲ್ಲಿ ಪ್ರತಿ ಪದವನ್ನೂ ಆ ಕ್ಷಣಕ್ಕೆ ಹುಡುಕಬೇಕು, ತಾಳಕ್ಕೆ ಸರಿಯಾಗಿ ಕೂರಿಸಬೇಕು, ಉಸಿರನ್ನೂ ನೋಡಿಕೊಳ್ಳಬೇಕು. ಪೆಟ್ಟು ಬಿದ್ದಿರುವುದು ಅಲ್ಲಿಗೇ.

ಇನ್ನು ರೆಕಾರ್ಡಿಂಗ್ ವಿಷಯ. ವಾರ್ನರ್ ಎಂಬ ರೆಕಾರ್ಡ್ ಕಂಪನಿಯ ನ್ಯಾಶ್‌ವಿಲ್ ಶಾಖೆಯ ಬಳಿ ಅವರ ದನಿ ಮಾತ್ರ ಇರುವ ಟ್ರ್ಯಾಕ್‌ಗಳಿದ್ದವು. ಅವುಗಳಿಂದ ದನಿಯನ್ನು ಕಲಿಯುವ ಎಐ ಮಾದರಿಗಳನ್ನು ಎರಡು ಮಾಡಿಸಿದರು. ಒಂದಕ್ಕೆ 12 ಟ್ರ್ಯಾಕ್, ಇನ್ನೊಂದಕ್ಕೆ 1985ರಿಂದ 2013ರವರೆಗಿನ 42 ಟ್ರ್ಯಾಕ್. ದನಿ ಬೇರೆಯಾಗಿ ಸಿಕ್ಕಿದ್ದೇ ಇಲ್ಲಿ ದೊಡ್ಡ ಅನುಕೂಲ. ಯೂಟ್ಯೂಬ್‌ನಲ್ಲಿ ಸಿಗುವ ನಕಲುಗಳು ಒರಟಾಗಿ ಕೇಳುವುದು ಯಾಕೆಂದರೆ, ಮಿಕ್ಸ್ ಆದ ಹಾಡಿನಿಂದ ದನಿಯನ್ನು ಸೀಳಿ ತೆಗೆದಾಗ ಗಿಟಾರಿನ ಚೂರು, ಎಕೋ, ಹಿಂದೆ ಹಾಡಿದವರ ದನಿ ಎಲ್ಲ ಅಂಟಿಕೊಂಡೇ ಬರುತ್ತದೆ. ಯಂತ್ರ ಅದನ್ನೂ ಗಾಯಕನ ದನಿ ಅಂತಲೇ ಕಲಿಯುತ್ತದೆ.

ಮಾದರಿ ತಾನಾಗಿ ಹಾಡುವುದಿಲ್ಲ, ಅದಕ್ಕೊಬ್ಬ ಮನುಷ್ಯ ಹಾಡಿಕೊಡಬೇಕು. ನಮ್ಮ ಸಿನಿಮಾ ಸ್ಟುಡಿಯೋಗಳಲ್ಲಿ ‘ಟ್ರ್ಯಾಕ್ ಹಾಡುವವರು’ ಅಂತ ಇರುತ್ತಾರಲ್ಲ, ಮುಖ್ಯ ಗಾಯಕರು ಬರುವ ಮುಂಚೆ ಹಾಡಿ ಇಡುವವರು, ಹೆಚ್ಚುಕಡಿಮೆ ಅಂಥ ಪಾತ್ರ. ಇಲ್ಲಿ ಅದನ್ನು ಹಾಡಿದವರು ಜೇಮ್ಸ್ ಡ್ಯುಪ್ರೇ. ಟ್ರಾವಿಸ್ ಅವರ ಬ್ಯಾಂಡಿನ ಜೊತೆ ಅವರದೇ ಹಾಡುಗಳನ್ನು ಊರೂರಲ್ಲಿ ಹಾಡಿದ ಗಾಯಕ. ಯಂತ್ರ ಬದಲಿಸುವುದು ದನಿಯ ಬಣ್ಣವನ್ನು ಮಾತ್ರ. ಶ್ರುತಿ, ತಾಳ, ಎಲ್ಲಿ ಉಸಿರೆಳೆದರು, ಯಾವ ಅಕ್ಷರಕ್ಕೆ ಒತ್ತು ಕೊಟ್ಟರು, ಇವೆಲ್ಲ ಹಾಡಿಕೊಟ್ಟವರದ್ದೇ ಉಳಿಯುತ್ತದೆ. ಬೇರೆ ಶ್ರುತಿಯಲ್ಲಿ ಹಾಡಿ ಆಮೇಲೆ ಇಳಿಸಿಕೊಳ್ಳೋಣ ಅಂದರೆ ಎದೆಯ ಗಾತ್ರವೇ ಬದಲಾದ ಹಾಗೆ ಕೇಳುತ್ತದೆ. ಸಕಾರ, ಶಕಾರಗಳು ತಗಡಿನ ಸದ್ದಾಗುತ್ತವೆ. ಉಸಿರೆಳೆದ ಸದ್ದನ್ನು ಯಂತ್ರ ಸ್ವರವೆಂದು ತಿಳಿದು ಗರಗರ ಅನ್ನಿಸಿಬಿಡುತ್ತದೆ. ಸ್ವರದ ನಡುಕ, ಅಂದರೆ ವೈಬ್ರೇಟೊ, ಸಾಮಾನ್ಯವಾಗಿ ಸೆಕೆಂಡಿಗೆ ಐದಾರು ಅಲೆ. ಒಂದೇ ಒಂದು ಅಲೆ ಹೆಚ್ಚಾದರೂ ಸಾಕು, ಬಣ್ಣ ಹೊಂದಿದರೂ ಆಳು ಬೇರೆ ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ.

ಟ್ರಾವಿಸ್ ಅವರ ನಿರ್ಮಾಪಕ ಕೈಲ್ ಲೆನಿಂಗ್ ಅವರ ಕೆಲಸ ಶುರುವಾದದ್ದು ಇಲ್ಲಿಂದ. 1980ರ ದಶಕದಿಂದ ಟ್ರಾವಿಸ್ ಜೊತೆ ಇದ್ದವರು. ಯಂತ್ರ ಕೊಟ್ಟದ್ದನ್ನು ಹಾಗೇ ಇಟ್ಟುಕೊಳ್ಳದೆ, ಅಕ್ಷರಗಳನ್ನು ಅತ್ತಿತ್ತ ಸರಿಸುತ್ತಾ, ಟ್ರಾವಿಸ್ ಆಗಿದ್ದರೆ ಈ ಪದವನ್ನು ಎಲ್ಲಿ ಇಡುತ್ತಿದ್ದರು ಅಂತ ನೋಡಿ ನೋಡಿ ಕೂರಿಸಿದರು. ಆಗ ಹೇಳಿದ ಜಾರು ನೆನಪಿದೆಯಲ್ಲ? 42 ಟ್ರ್ಯಾಕ್ ಓದಿದ ಮಾದರಿಗೂ ಅದು ತಾನಾಗಿ ಬರುವುದಿಲ್ಲ. ಹಾಡಿಕೊಟ್ಟವರಲ್ಲಿ ಇರಬೇಕು, ಇಲ್ಲವೇ ಕೈಯಲ್ಲಿ ತಿದ್ದಬೇಕು. ಅದು ಎಲ್ಲಿ ಬರಬೇಕು ಅಂತ ತೀರ್ಮಾನಿಸುವುದು ಒಬ್ಬ ಗಾಯಕನನ್ನು ದಶಕಗಳ ಕಾಲ ಹತ್ತಿರದಿಂದ ಕೇಳಿದ ಕಿವಿ. ಆ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರೆ ಹಾಡು ಬರುತ್ತಿತ್ತು, ಟ್ರಾವಿಸ್ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ದನಿಯ ಯಜಮಾನ ಬದುಕಿದ್ದಾರೆ. ಕೇಳಿ, ಹೌದು ಅಥವಾ ಬೇಡ ಅನ್ನಬಲ್ಲರು. ಅದಕ್ಕೆ ಮಾತು ಬೇಕಿಲ್ಲ, ತಲೆಯಾಡಿಸಿದರೆ ಸಾಕು. ಪತ್ನಿ ಮೇರಿ ಮತ್ತು ಟ್ರಾವಿಸ್ ಇಬ್ಬರ ಒಪ್ಪಿಗೆಯಿಂದಲೇ ಈ ಕೆಲಸ ನಡೆದದ್ದು. ಆಚೆ ಕಡೆ ನೋಡಿ. ನಮ್ಮೆಲ್ಲರ ಎಸ್‌ಪಿಬಿ ಅವರ ದನಿಯನ್ನು ಒಂದು ತೆಲುಗು ಚಿತ್ರಕ್ಕೆ ಎಐನಿಂದ ಮರುಸೃಷ್ಟಿಸಿದ್ದಕ್ಕೆ, ತಮ್ಮನ್ನು ಕೇಳಿರಲಿಲ್ಲ ಅಂತ ಅವರ ಮಗ ಲೀಗಲ್ ನೋಟಿಸ್ ಕೊಟ್ಟರು. ತಂತ್ರಜ್ಞಾನದ ಹೆಸರು ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪು. ನ್ಯಾಶ್‌ವಿಲ್ ಇರುವ ಟೆನೆಸಿ ರಾಜ್ಯ 2024ರ ಮಾರ್ಚ್‌ನಲ್ಲಿ ‘ಎಲ್ವಿಸ್ ಕಾಯ್ದೆ’ ತಂದು, ಒಪ್ಪಿಗೆ ಇಲ್ಲದೆ ಒಬ್ಬರ ದನಿಯನ್ನು ನಕಲು ಮಾಡುವುದಕ್ಕೆ ತಡೆ ಹಾಕಿತು. ಅಂಥದ್ದೊಂದು ಸ್ಪಷ್ಟ ಕಾನೂನು ನಮ್ಮಲ್ಲೂ ಬೇಕು. ಹಾಡಿಕೊಟ್ಟವರ ಹೆಸರೂ ಎದ್ದು ಕಾಣುವಂತೆ ಬರಬೇಕು. ಡ್ಯುಪ್ರೇ ಹೆಸರನ್ನು ಸುದ್ದಿಯ ಕೊನೆಯ ಸಾಲಿಗೆ ತಳ್ಳುವುದು ಅನ್ಯಾಯ.

ಟ್ರಾವಿಸ್ ಈಗಲೂ ಪ್ರವಾಸಕ್ಕೆ ಹೋಗುತ್ತಾರೆ. ಡ್ಯುಪ್ರೇ ಹಾಡುತ್ತಾರೆ, ಹಳೆಯ ಬ್ಯಾಂಡಿನವರು ನುಡಿಸುತ್ತಾರೆ, ಟ್ರಾವಿಸ್ ವೇದಿಕೆಯ ಮೇಲೆ ಕೂತಿರುತ್ತಾರೆ. 1987ರ ‘ಫಾರೆವರ್ ಅಂಡ್ ಎವರ್, ಆಮೆನ್’ ಬಂದಾಗ ಡ್ಯುಪ್ರೇ ಕೊನೆಯ ಪದದ ಮುಂಚೆ ನಿಲ್ಲಿಸುತ್ತಾರೆ. ಮೈಕ್ ಟ್ರಾವಿಸ್ ಬಾಯಿಯ ಹತ್ತಿರ ಇರುತ್ತದೆ. ಆ ‘ಆಮೆನ್’ ಮಾತ್ರ ಅವರೇ ಹಾಡುತ್ತಾರೆ.